ರಿಶಿರಿ ದ್ವೀಪದಿಂದ ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಜಪಾನಿನ ಉತ್ತರ ತುದಿಯ ಈ ಪುಟ್ಟ ದ್ವೀಪದಲ್ಲಿ ನಾನು ಕ್ಷೇಮ. ಈ ಸಾಲನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನೀನು ಉಳಿದದ್ದನ್ನು ಓದದೆ ನೇರವಾಗಿ ಫೋನ್ ಮಾಡುತ್ತೀಯ. ಕೆಮ್ಮಿಲ್ಲ, ಜ್ವರವಿಲ್ಲ. ಮೊಣಕಾಲು ಊರಿನಲ್ಲಿ ಎಷ್ಟು ನೋಯುತ್ತಿತ್ತೋ ಇಲ್ಲಿಯೂ ಅಷ್ಟೇ ನೋಯುತ್ತಿದೆ. ಇವತ್ತು ಹಡಗು ಹೊರಡುವುದಿಲ್ಲ ಎಂದು ಬೆಳಿಗ್ಗೆಯೇ ತಿಳಿಸಿದ್ದಾರೆ. ಹಾಗಾಗಿ ಬರೆಯಲು ಬೇಕಾದಷ್ಟು ಹೊತ್ತು ಸಿಕ್ಕಿದೆ.

ಚೆರ್ರಿ ಹೂವಿನ ಕಾಲ ಬಿಟ್ಟು ಈ ಚಳಿಯಲ್ಲಿ ಯಾರಾದರೂ ಜಪಾನಿಗೆ ಹೋಗುತ್ತಾರೆಯೇ ಎಂದು ಕೇಳಿದ್ದೆಯಲ್ಲ, ಅದೇ ಕಾರಣಕ್ಕೆ ಬಂದೆ. ಹೂವಿನ ಕಾಲದಲ್ಲಿ ಇಡೀ ದೇಶ ಅತಿಥಿಗಳಿಗೆಂದು ಸಿಂಗರಿಸಿಕೊಂಡು ನಿಂತಿರುತ್ತದೆ. ಮನೆಗೆ ನೆಂಟರು ಬಂದಾಗ ನಾವು ಹೇಗಿರುತ್ತೇವೆ ಎಂಬುದು ನಿನಗೆ ಗೊತ್ತಿಲ್ಲದ್ದೇನಲ್ಲ. ನೆಂಟರು ಬಾರದ ದಿನಗಳಲ್ಲಿ ಇಲ್ಲಿನವರು ಹೇಗೆ ಬದುಕುತ್ತಾರೆ ಎಂದು ನೋಡಬೇಕಿತ್ತು ನನಗೆ.

ಟೋಕಿಯೊದಲ್ಲಿ ಇಳಿದಾಗ ಹಿಮದ ಸುಳಿವೇ ಇರಲಿಲ್ಲ. ನೀಲಿ ಆಕಾಶ, ತುಟಿ ಒಡೆಯುವಂಥ ಒಣಗಾಳಿ. ಅಲ್ಲಿಂದ ಶಿಂಕಾನ್ಸೆನ್ ಎಂಬ ಅತಿವೇಗದ ರೈಲು ಹತ್ತಿ ಎಚಿಗೊ-ಯುಜಾವಾ ಕಡೆಗೆ ಹೊರಟರೆ ನಡುವೆ 22 ಕಿಲೋಮೀಟರ್ ಉದ್ದದ ದಾಯ್-ಶಿಮಿಜು ಸುರಂಗ ಬರುತ್ತದೆ. ಸುರಂಗದ ಈ ಬಾಯಿಯಲ್ಲಿ ಬಿಸಿಲು, ಆ ಬಾಯಿಯಲ್ಲಿ ಆಳೆತ್ತರದ ಹಿಮ. ಸೈಬೀರಿಯಾದಿಂದ ಹೊರಡುವಾಗ ಗಾಳಿ ಒಣಗಾಳಿಯೇ. ಆದರೆ ಜಪಾನ್ ಸಮುದ್ರದಲ್ಲಿ ತ್ಸುಶಿಮಾ ಎಂಬ ಬೆಚ್ಚಗಿನ ಪ್ರವಾಹ ಹರಿಯುತ್ತದೆ. ಗಾಳಿ ಅದರ ಆವಿಯನ್ನು ಹೀರಿಕೊಂಡು ಬಂದು ಬೆಟ್ಟಸಾಲಿಗೆ ತಾಗಿ, ಮೇಲೇರಿ, ಹೊತ್ತು ತಂದದ್ದನ್ನೆಲ್ಲ ಪಶ್ಚಿಮದ ಮಗ್ಗುಲಲ್ಲೇ ಸುರಿದುಬಿಡುತ್ತದೆ. ಟೋಕಿಯೊ ಕಡೆಗೆ ಇಳಿಯುವಾಗ ಅದರ ಕೈ ಬರಿದು. ಘಟ್ಟದ ಮಳೆಯನ್ನು ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ವರ್ಷಗಟ್ಟಲೆ ಹೇಳಿಕೊಟ್ಟವಳಿಗೆ ಇದು ಹೊಸ ಪಾಠವಲ್ಲ. ಆದರೆ ಒಂದೇ ಸುರಂಗದ ಎರಡು ಬಾಯಿಗಳಲ್ಲಿ ಪಾಠ ಮುಗಿದುಹೋಗುವುದನ್ನು ಕಂಡಾಗ, ನನ್ನ ಒಂಬತ್ತನೇ ತರಗತಿಯವರನ್ನೆಲ್ಲ ಒಮ್ಮೆ ಈ ರೈಲಿನಲ್ಲಿ ಕೂರಿಸಬೇಕಿತ್ತು ಎನಿಸಿತು. ಆ ಭಾಗದ ಮೊರಿಮಿಯಾನೊಹಾರಾ ಎಂಬ ಪುಟ್ಟ ರೈಲು ನಿಲ್ದಾಣದಲ್ಲಿ ಒಂದು ಎತ್ತರದ ಕಂಬ ನಿಲ್ಲಿಸಿದ್ದಾರೆ. 1945ರ ಫೆಬ್ರವರಿ 12ರಂದು ಅಲ್ಲಿ ಹಿಮ 7.85 ಮೀಟರ್ ಏರಿತ್ತು ಎಂಬುದಕ್ಕೆ ಅದು ಗುರುತು. ಕಂಬದ ತುದಿ ನೋಡಲು ಕತ್ತನ್ನು ಹಿಂದಕ್ಕೆ ಚೆಲ್ಲಬೇಕು.

ಉತ್ತರದ ದೊಡ್ಡ ದ್ವೀಪ ಹೊಕ್ಕೈಡೊಗೆ ಈಗ ರೈಲಿನಲ್ಲೇ ಹೋಗಬಹುದು, ಸಮುದ್ರದ ಕೆಳಗಿನಿಂದ. ಸೇಕಾನ್ ಸುರಂಗದ ಉದ್ದ 53.85 ಕಿಲೋಮೀಟರ್, 1988ರಲ್ಲಿ ತೆರೆಯಿತು. ಹಿಂದೆ ರೈಲಿನ ಡಬ್ಬಿಗಳನ್ನೇ ಹಡಗಿಗೆ ಏರಿಸಿ ದಾಟಿಸುತ್ತಿದ್ದರು. 1954ರ ಸೆಪ್ಟೆಂಬರಿನಲ್ಲಿ ಚಂಡಮಾರುತ ಕಳೆಯಿತೆಂದು ಎಣಿಸಿ ಹೊರಟ ತೋಯಾ ಮಾರು ಎಂಬ ಹಡಗು ಮುಳುಗಿ 1,155 ಜನ ಸತ್ತರು. ಸುರಂಗದ ಯೋಚನೆ ಮೊದಲೇ ಇತ್ತು, ಆ ಸಾವುಗಳ ನಂತರ ಅದು ಹಟವಾಯಿತು. ಇವತ್ತು ಹಡಗು ಹೊರಡಲಿಲ್ಲವೆಂದು ನಾನು ಗೊಣಗದೆ ಕೂತಿರುವುದಕ್ಕೆ ಈ ಚರಿತ್ರೆಯೂ ಕಾರಣ ಅನ್ನು.

ಹೊಕ್ಕೈಡೊದ ಮುಖ್ಯ ನಗರ ಸಪ್ಪೊರೊದ ಹಿಮೋತ್ಸವದ ಫೋಟೊಗಳನ್ನು ಕಳಿಸಿದ್ದೇನೆ, ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1950ರಲ್ಲಿ ಶಾಲಾ ಮಕ್ಕಳು ಉದ್ಯಾನದಲ್ಲಿ ಆರು ಹಿಮದ ಬೊಂಬೆ ಮಾಡಿದ್ದರಿಂದ ಶುರುವಾದದ್ದು ಈಗ ಜಾತ್ರೆಯಾಗಿದೆ. ನನಗೆ ಇಷ್ಟವಾದದ್ದು ರಸ್ತೆ ದಾಟುವ ಕಡೆ ಇಟ್ಟಿರುವ ಪೆಟ್ಟಿಗೆಗಳು. ಒಳಗೆ ಸಣ್ಣ ಸಣ್ಣ ಚೀಲಗಳಲ್ಲಿ ಜಲ್ಲಿಪುಡಿ. ಹಿಮ ತುಳಿದು ತುಳಿದು ಗಾಜಿನಂತಾದ ಜಾಗ ಕಂಡರೆ ಯಾರು ಬೇಕಾದರೂ ಒಂದು ಚೀಲ ತೆಗೆದು ಚೆಲ್ಲಬಹುದು. ಸೂಟು ತೊಟ್ಟು ಕಚೇರಿಗೆ ಓಡುತ್ತಿದ್ದವನೊಬ್ಬ ನಿಂತು, ಚೀಲ ಹರಿದು, ನನ್ನ ಮುಂದೆ ಕೋಳಿಗೆ ಕಾಳು ಹಾಕುವವನ ಹಾಗೆ ಜಲ್ಲಿ ಚೆಲ್ಲಿ, ಖಾಲಿ ಚೀಲವನ್ನು ಜೇಬಿಗೆ ಇಟ್ಟುಕೊಂಡು ಮತ್ತೆ ಓಡಿದ. ಅವನು ನನ್ನ ಮುಖವನ್ನೂ ನೋಡಲಿಲ್ಲ. ಹೆಚ್ಚುಕಡಿಮೆ ಇಪ್ಪತ್ತು ಲಕ್ಷ ಜನರಿರುವ ಊರು, ವರ್ಷಕ್ಕೆ ಐದು ಮೀಟರಿನಷ್ಟು ಹಿಮ ಬೀಳುತ್ತದೆ, ಆದರೂ ಬಸ್ಸು ಬರುತ್ತದೆ. ನಮ್ಮಲ್ಲಿ ಅರ್ಧ ಗಂಟೆಯ ಮಳೆಗೆ ಏನಾಗುತ್ತದೆ ಎಂದು ಬರೆಯಲು ಹೋದರೆ ಪತ್ರದ ದಾರಿ ತಪ್ಪುತ್ತದೆ, ಬಿಡು.

ಅಲ್ಲಿಂದ ಉತ್ತರದ ತುದಿಯ ವಕ್ಕನಾಯ್‌ಗೆ ದಿನಕ್ಕೊಂದೇ ನೇರ ರೈಲು. ಸುಮಾರು 396 ಕಿಲೋಮೀಟರ್, ಐದು ಗಂಟೆಗೂ ಮಿಕ್ಕಿದ ದಾರಿ. ಹಳಿಯ ಮೇಲೆ ಜಿಂಕೆಗಳು ಬಂದು ನಿಲ್ಲುವುದರಿಂದ ಚಾಲಕ ಆಗಾಗ ಸೀಟಿ ಹಾಕಿ ವೇಗ ಇಳಿಸುತ್ತಾನೆ. ವಕ್ಕನಾಯ್ ಬೀದಿಯ ಫಲಕಗಳಲ್ಲಿ ರಷ್ಯನ್ ಅಕ್ಷರಗಳೂ ಇವೆ. ಸೋಯಾ ಭೂಶಿರದಿಂದ ಸಖಾಲಿನ್ ಬರಿಯ 43 ಕಿಲೋಮೀಟರ್. ಆ ದ್ವೀಪದ ದಕ್ಷಿಣಾರ್ಧ 1945ರವರೆಗೆ ಜಪಾನಿನ ಕೈಯಲ್ಲಿತ್ತು, ಅಲ್ಲಿಗೆ ಇಲ್ಲಿಂದ ಹಡಗು ಹೋಗುತ್ತಿತ್ತು. ಅಲೆಗಳು ತಡೆಗೋಡೆ ಹಾರಿ ಪ್ರಯಾಣಿಕರ ಮೇಲೇ ಬೀಳುತ್ತಿದ್ದವಂತೆ. ಅದಕ್ಕೆ 1936ರಲ್ಲಿ ಗೋಡೆಗೆ ಅರ್ಧ ಕಮಾನಿನ ಚಾವಣಿ ಹೊದಿಸಿ ಮುಗಿಸಿದರು: 427 ಮೀಟರ್ ಉದ್ದ, 70 ಕಂಬ. ಕಡಲ ಕಡೆಯಿಂದ ನೋಡಿದರೆ ಬೋಳು ಗೋಡೆ. ಒಳಗೆ ಬಂದರೆ ದೇವಸ್ಥಾನದ ಪ್ರಾಕಾರದಲ್ಲಿ ನಿಂತಂತೆ. ಈಗ ಅಲ್ಲಿಂದ ಯಾವ ಹಡಗೂ ಹೊರಡುವುದಿಲ್ಲ, ಜನ ಗಾಳಿಗೆ ಮರೆಯಾಗಿ ನಡೆದಾಡಲು ಬರುತ್ತಾರೆ. ಊರಿನ ಮೇಲಿನ ಗುಡ್ಡದಲ್ಲಿ, ಅಂಟಾರ್ಕ್ಟಿಕಾಕ್ಕೆ ಹೋದ ಸಖಾಲಿನ್ ನಾಯಿಗಳ ಸ್ಮಾರಕವಿದೆ. 1958ರಲ್ಲಿ ಅಲ್ಲಿ ಬಿಟ್ಟುಬಂದ ಹದಿನೈದು ನಾಯಿಗಳಲ್ಲಿ ತಾರೊ, ಜಿರೊ ಎಂಬ ಎರಡು ಮಾತ್ರ ಮರುವರ್ಷ ಜೀವಂತ ಸಿಕ್ಕವು. ಎರಡೂ ಇದೇ ಊರಿನಲ್ಲಿ ಹುಟ್ಟಿದವು. ನಾಯಿಯ ಕಥೆಯೆಂದರೆ ನೀನು ಅಳುತ್ತೀಯ, ಇಷ್ಟಕ್ಕೇ ನಿಲ್ಲಿಸುತ್ತೇನೆ.

ಈಗ ಹಡಗಿನ ಮಾತು. ರಿಶಿರಿಗೆ ಸಪ್ಪೊರೊದಿಂದ ಸಣ್ಣ ವಿಮಾನವೂ ಇದೆ. ಆದರೆ ವಕ್ಕನಾಯ್‌ನಿಂದ ಕಡಲ ಮೇಲೆ ಒಂದು ಗಂಟೆ ನಲವತ್ತು ನಿಮಿಷದ ದಾರಿ ಇರುವಾಗ ಆಕಾಶಕ್ಕೇಕೆ ಹಾರಲಿ? ಬೇಸಿಗೆಯಲ್ಲಿ ಈ ಹಡಗು ತುಂಬ ಪ್ರವಾಸಿಗಳಂತೆ. ಫೆಬ್ರವರಿಯಲ್ಲಿ ಕಾಯುವ ಕೊಠಡಿಯಲ್ಲಿ ಕೂತು ಸುತ್ತ ನೋಡಿದೆ. ಆಸ್ಪತ್ರೆಯ ಔಷಧಿ ಚೀಲ ಮಡಿಲಲ್ಲಿಟ್ಟುಕೊಂಡ ಅಜ್ಜಿ; ಆಟದ ಬ್ಯಾಗುಗಳನ್ನು ಗುಡ್ಡೆ ಹಾಕಿ ಅದರ ಮೇಲೇ ಮಲಗಿದ್ದ ಹುಡುಗರು; ಸಲಕರಣೆ ಪೆಟ್ಟಿಗೆ ಹಿಡಿದ ಮೆಕ್ಯಾನಿಕ್. ಹಡಗಿನ ಹೊಟ್ಟೆಗೆ ಲಾರಿಗಳು ಹಿಂದುಹಿಂದಾಗಿ ನುಗ್ಗುತ್ತಿದ್ದವು. ದ್ವೀಪಕ್ಕೆ ಬೇಕಾದ ಹಾಲು, ಬ್ರೆಡ್ಡು, ತರಕಾರಿ ಹೋಗುವುದು ಹೀಗೆಯೇ. ಇಡೀ ಹಡಗಿನಲ್ಲಿ ಕೆಲಸವಿಲ್ಲದೆ ಹೊರಟವಳು ನಾನೊಬ್ಬಳೇ.

ಆಗ ತುಮರಿ ನೆನಪಾಗದೆ ಇರುತ್ತದೆಯೇ? ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ಕೂರುತ್ತಿದ್ದ ದಿನಗಳಲ್ಲಿ ನಮ್ಮ ಜೊತೆ ಸಿಗಂದೂರಿಗೆ ಹೊರಟ ಬೆಂಗಳೂರಿನವರು ಇರುತ್ತಿದ್ದರು. ಶರಾವತಿ ಹಿನ್ನೀರಿನ ಮೇಲೆ ಲಾಂಚಿನ ಪಯಣ ಅವರಿಗೆ ಸೊಗಸು. ಪಕ್ಕದಲ್ಲೇ ನಿಂತ ತುಮರಿಯ ಬಸುರಿ ಹೆಂಗಸಿಗೆ ಅದು ಸಂಜೆಯ ಮೇಲೆ ಇಲ್ಲದ ದಾರಿ. ಸೇತುವೆ ಬಂದದ್ದು 2025ರ ಜುಲೈಯಲ್ಲಿ. ಅಲ್ಲಿಯವರೆಗೆ ನೀರು ಇಳಿದರೂ ಕಷ್ಟ, ಗಾಳಿ ಎದ್ದರೂ ಕಷ್ಟ. ಅಲ್ಲಿ ನಾನು ದಡದವಳಾಗಿದ್ದೆ. ಇಲ್ಲಿ ನಾನೇ ಆ ಬೆಂಗಳೂರಿನವಳು. ಅದಕ್ಕೇ ಕ್ಯಾಮೆರಾವನ್ನು ಚೀಲದೊಳಗೇ ಬಿಟ್ಟೆ, ಕಿಟಕಿಯ ಪಕ್ಕದ ಜಾಗವನ್ನೂ ಹುಡುಕಲಿಲ್ಲ.

ಹಡಗು ಷರತ್ತಿನ ಮೇಲೆ ಹೊರಡುತ್ತದೆ ಎಂದು ಮೊದಲೇ ಹೇಳಿದರು. ಆ ಕಡೆಯ ಬಂದರಿಗೆ ಸೇರಲು ಅಲೆ ಬಿಡದಿದ್ದರೆ ವಕ್ಕನಾಯ್‌ಗೇ ಹಿಂದಿರುಗಬಹುದು, ಒಪ್ಪಿಗೆಯಿದ್ದವರು ಹತ್ತಬಹುದು. ಯಾರೂ ಹುಬ್ಬೇರಿಸಲಿಲ್ಲ. ಎರಡನೇ ದರ್ಜೆಯಲ್ಲಿ ಆಸನಗಳಿಲ್ಲ. ಜಮಖಾನ ಹಾಸಿದ ಜಗಲಿ. ಶೂ ಬಿಚ್ಚಿಟ್ಟು ಹತ್ತಬೇಕು. ಗೋಡೆಯ ಬದಿಗೆ ಪ್ಲಾಸ್ಟಿಕ್ ಬೋಗುಣಿಗಳನ್ನು ಒಂದರೊಳಗೊಂದು ಪೇರಿಸಿಟ್ಟಿದ್ದರು. ಅವು ಯಾತಕ್ಕೆಂದು ನಾನು ಯೋಚಿಸುತ್ತಿರುವಾಗಲೇ ಜನರೆಲ್ಲ ತಲೆಯ ಪಕ್ಕಕ್ಕೊಂದೊಂದು ಬೋಗುಣಿ ಇಟ್ಟುಕೊಂಡು, ಹಡಗು ಲಂಗರು ಎತ್ತುವ ಮೊದಲೇ ಅಂಗಾತ ಮಲಗಿ ಕಣ್ಣು ಮುಚ್ಚಿಬಿಟ್ಟರು. ಔಷಧಿ ಚೀಲದ ಅಜ್ಜಿ ನನ್ನನ್ನು ನೋಡಿ, ನೆಲಕ್ಕೆ ಎರಡು ಸಲ ಅಂಗೈ ತಟ್ಟಿದರು. ಮಲಗು ಎಂದರ್ಥ. ಮಲಗಿದೆ.

ತಡೆಗೋಡೆ ದಾಟಿದ ಮೇಲೆ ಅದರ ಗುಟ್ಟು ತಿಳಿಯಿತು. ಹಡಗಿನ ಮೂತಿ ಏರುವಾಗ ದೇಹದ ಭಾರವೆಲ್ಲ ಹಿಮ್ಮಡಿಗೆ ಇಳಿಯುತ್ತದೆ. ಬೀಳುವಾಗ ಹೊಟ್ಟೆ ಮಾತ್ರ ಮೇಲೇ ಉಳಿಯುತ್ತದೆ. ಅಲೆ ಬಡಿದಾಗ ಬೆನ್ನಿನ ಕೆಳಗಿನ ಕಬ್ಬಿಣ ನಡುಗುವುದು ಜಮಖಾನದ ಮೂಲಕ ಗೊತ್ತಾಗುತ್ತದೆ. ಆಟದ ಹುಡುಗರಲ್ಲೊಬ್ಬನಿಗೆ ಬೋಗುಣಿ ಬೇಕಾಯಿತು. ಪಕ್ಕದವನು ಕಣ್ಣು ತೆರೆಯದೆಯೇ ಅವನ ಬೆನ್ನು ಸವರಿದ. ನನಗೆ ಬೇಕಾಗಲಿಲ್ಲ ಎಂದು ಹೆಮ್ಮೆಯಿಂದಲೇ ತಿಳಿಸುತ್ತಿದ್ದೇನೆ, ಶುಂಠಿಯ ಪುಣ್ಯ.

ರಿಶಿರಿ ಎಂದರೆ ಸಮುದ್ರದಿಂದ ನೇರವಾಗಿ ಎದ್ದ ಒಂದೇ ಬೆಟ್ಟ, 1,721 ಮೀಟರ್. ಸುತ್ತ ಅಂಚಿನಲ್ಲಿ ಮಾತ್ರ ಊರುಗಳು, ಎಲ್ಲ ಸೇರಿ ನಾಲ್ಕು ಸಾವಿರದಷ್ಟು ಜನ. ನಿನ್ನ ಕಚೇರಿಯವರು ಜಪಾನಿನಿಂದ ತರುವ ಆ ಬಿಳಿ ಚಾಕೊಲೇಟಿನ ಬಿಸ್ಕತ್ತು, ‘ಶಿರೋಯ್ ಕೊಯ್ಬಿತೊ’, ಅದರ ಡಬ್ಬಿಯ ಮೇಲಿರುವುದು ಇದೇ ಬೆಟ್ಟ. ಬಂದ ದಿನದಿಂದ ಅದು ನನಗೆ ಕಾಣಿಸಿಕೊಂಡದ್ದು ಒಮ್ಮೆ ಮಾತ್ರ, ಅದೂ ಹಲ್ಲುಜ್ಜುತ್ತಿರುವಾಗ.

ಉಳಿದುಕೊಂಡಿರುವುದು ಒಂದು ಮನೆಯಲ್ಲಿ. ನಾಲ್ಕು ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತಾರೆ, ಈಗ ನಾನೊಬ್ಬಳೇ. ಬಾಗಿಲಿನ ಹೊರಗೆ ಇನ್ನೊಂದು ಗಾಜಿನ ಬಾಗಿಲು, ನಡುವಿನ ಜಾಗದಲ್ಲಿ ಹಿಮ ಕೊಡವಿಕೊಂಡೇ ಒಳಗೆ ಬರಬೇಕು. ಹೊರಗೋಡೆಗೆ ಒರಗಿ ಸೀಮೆಎಣ್ಣೆಯ ದೊಡ್ಡ ಟ್ಯಾಂಕು. ರಾತ್ರಿ ಮಲಗುವ ಮುನ್ನ ಮನೆಯೊಡತಿ ಒಂದು ಹಿಡಿಯನ್ನು ತಿರುಗಿಸಿ ಕೊಳಾಯಿಗಳಲ್ಲಿರುವ ನೀರನ್ನೆಲ್ಲ ಖಾಲಿ ಮಾಡುತ್ತಾರೆ, ಇಲ್ಲದಿದ್ದರೆ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ನೀರು ಗುಳುಗುಳು ಇಳಿದುಹೋಗುವ ಸದ್ದು ಕೇಳಿದರೆ ದಿನ ಮುಗಿಯಿತೆಂದು ಲೆಕ್ಕ.

ಊಟದ ಚಿಂತೆ ನಿನಗಿತ್ತು. ಜಪಾನಿನಲ್ಲಿ ಸಸ್ಯಾಹಾರಿಗೆ ನಿಜವಾದ ತೊಡಕು ತಟ್ಟೆಯ ಮೇಲೆ ಕಾಣುವ ಮೀನಲ್ಲ, ಸಾರಿನೊಳಗೆ ಕಾಣದಂತೆ ಸೇರಿರುವ ಮೀನು. ಒಣಗಿದ ಬೊನಿಟೊ ಮೀನಿನ ಚೂರು ಹಾಕದ ಸಾರು ಹುಡುಕುವುದೇ ಕಷ್ಟ. ಆದರೆ ಈ ದ್ವೀಪ ಹೆಸರಾಗಿರುವುದೇ ಕೊಂಬು ಎಂಬ ಕಡಲಪಾಚಿಗೆ. ಬೇಸಿಗೆಯಲ್ಲಿ ಕಡಲಿನಿಂದ ಎಳೆದು ಕಲ್ಲುಹಾಸಿನ ಮೇಲೆ ಒಣಗಿಸುತ್ತಾರೆ. ತಿಳಿಯಾದ ಸಾರು ಬಿಡುತ್ತದೆಂದು ಕ್ಯೋಟೊದ ಅಡುಗೆಯವರು ರಿಶಿರಿಯದನ್ನೇ ಕೇಳಿ ತರಿಸುತ್ತಾರೆ. ಫೋನಿನ ಅನುವಾದದಲ್ಲಿ ನನ್ನ ಕಷ್ಟವನ್ನು ಓದಿದ ಒಡತಿ ತಲೆಯಾಡಿಸಿ, ಬೀರುವಿನಿಂದ ಒಂದು ಕಪ್ಪು ಪಟ್ಟಿ ತೆಗೆದರು. ಚರ್ಮದಷ್ಟು ಗಡಸು, ಮೇಲೆ ಬೂದಿ ಸವರಿದಂಥ ಬಿಳಿ ಪುಡಿ. ತೊಳೆಯಲು ಹೋದ ನನ್ನ ಕೈಯನ್ನು ತಡೆದರು. ರುಚಿಯಿರುವುದು ಅಲ್ಲಿಯೂ ಅಂತೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ತಣ್ಣೀರಿನಲ್ಲಿ ಇಡೀ ರಾತ್ರಿ ನೆನೆಹಾಕಿದರು. ಬೆಳಿಗ್ಗೆ ಆ ಪಟ್ಟಿ ಅಗಲವಾಗಿ ಅರಳಿತ್ತು, ನೀರು ತಿಳಿ ಹೊಂಬಣ್ಣಕ್ಕೆ ತಿರುಗಿತ್ತು. ಕುದಿ ಬರುವ ಮೊದಲೇ ಪಟ್ಟಿ ತೆಗೆದು, ತೋಫು ಬಿಟ್ಟು, ಮುಚ್ಚಿಟ್ಟರು. ಇಕೆಡಾ ಕಿಕುನಾಯೆ ಎಂಬ ವಿಜ್ಞಾನಿ 1908ರಲ್ಲಿ ಈ ರುಚಿಯ ಮೂಲವಾದ ಗ್ಲುಟಮೇಟನ್ನು ಬೇರ್ಪಡಿಸಿದ್ದು ಇಂಥದೇ ಕೊಂಬುವಿನಿಂದ. ಉಪ್ಪು, ಹುಳಿ, ಖಾರ ಯಾವುದೂ ಮುಂದೆ ಬರದ ಸಾರು. ಮೊದಲ ದಿನ ಸಪ್ಪೆಯೆನಿಸಿತು, ಈಗ ಎರಡನೇ ಬಟ್ಟಲು ಕೇಳುತ್ತೇನೆ. ಮೆಣಸಿನಪುಡಿಯ ಡಬ್ಬಿಯನ್ನು ಚೀಲದಲ್ಲೇ ಇಟ್ಟಿದ್ದೇನೆ, ಎಸೆದಿಲ್ಲ.

ನೋಜುಕಾ ಎಂಬಲ್ಲಿ ಒಂದು ಸ್ಮಾರಕವಿದೆ. ರಾನಾಲ್ಡ್ ಮ್ಯಾಕ್‌ಡೊನಾಲ್ಡ್ ಎಂಬಾತನದು. ಹೆಸರು ಕೇಳಿ ನಗಬೇಡ. ತಂದೆ ಸ್ಕಾಟ್ಲೆಂಡಿನವನು, ತಾಯಿ ಅಮೆರಿಕದ ಚಿನೂಕ್ ಬುಡಕಟ್ಟಿನವಳು. ಜಪಾನ್ ಹೊರಗಿನವರಿಗೆ ಬಾಗಿಲು ಮುಚ್ಚಿದ್ದ 1848ರಲ್ಲಿ ತಿಮಿಂಗಿಲ ಬೇಟೆಯ ಹಡಗಿನಿಂದ ಸಣ್ಣ ದೋಣಿಯಲ್ಲಿ ಇಳಿದು, ಬೇಕೆಂದೇ ದೋಣಿ ಮಗುಚಿಕೊಂಡು, ಹಡಗೊಡೆದು ಬಂದವನ ವೇಷದಲ್ಲಿ ಈ ದಡ ಸೇರಿದ. ಇಲ್ಲಿನ ಮೂಲನಿವಾಸಿಗಳಾದ ಐನು ಜನ ಅವನನ್ನು ನೋಡಿಕೊಂಡರು. ಅಧಿಕಾರಿಗಳು ನಾಗಾಸಾಕಿಗೆ ಒಯ್ದು ಸೆರೆಯಲ್ಲಿಟ್ಟರು, ಆಮೇಲೆ ಅದೇ ಸೆರೆಯಲ್ಲಿ ಹದಿನಾಲ್ಕು ಜನ ದುಭಾಷಿಗಳನ್ನು ಅವನ ಬಳಿಗೆ ಇಂಗ್ಲಿಷ್ ಕಲಿಯಲು ಕಳಿಸಿದರು. 1854ರಲ್ಲಿ ಪೆರಿ ಎಂಬ ಅಮೆರಿಕನ್ ನೌಕಾಧಿಕಾರಿಯ ಪಡೆಯೊಂದಿಗೆ ಮಾತುಕತೆ ನಡೆದಾಗ ದುಭಾಷಿಯಾಗಿದ್ದ ಮೊರಿಯಾಮಾ ಎಯ್ನೊಸುಕೆ ಅವನ ಶಿಷ್ಯರಲ್ಲೊಬ್ಬ. ಒಬ್ಬ ಮೇಷ್ಟ್ರ ಸ್ಮಾರಕವನ್ನು ಹುಡುಕಿಕೊಂಡು ಹಿಮದಲ್ಲಿ ಅಷ್ಟು ದೂರ ನಡೆದದ್ದಕ್ಕೆ ನೀನು ಬೈಯುತ್ತೀಯ. ಮೇಷ್ಟ್ರು ಮೇಷ್ಟ್ರನ್ನು ನೋಡಲು ಹೋಗದಿದ್ದರೆ ಇನ್ಯಾರು ಹೋಗಬೇಕು?

ಇವತ್ತಿನ ಹಡಗು ರದ್ದಾದದ್ದಕ್ಕೆ ಮನೆಯಲ್ಲಿ ಯಾವ ಗಡಿಬಿಡಿಯೂ ಆಗಲಿಲ್ಲ. ಒಡತಿ ಫೋನಿನಲ್ಲಿ ಸುದ್ದಿ ನೋಡಿದರು, ನನ್ನ ಹಾಸಿಗೆಯನ್ನು ಮಡಿಸದೆ ಬಿಟ್ಟರು, ಅಕ್ಕಿಯ ಡಬ್ಬಿಯಿಂದ ಇನ್ನೊಂದು ಅಳತೆ ತೆಗೆದರು. ನನ್ನನ್ನು ಏನೂ ಕೇಳಲಿಲ್ಲ. ಇಂಥ ಉಪಚಾರವನ್ನು ನೀನೂ ಸ್ವಲ್ಪ ಕಲಿತರೆ ನಾನು ಬೆಂಗಳೂರಿಗೆ ಇನ್ನೂ ಹೆಚ್ಚು ಸಲ ಬರುತ್ತೇನೆ.

ಮುಂದಿನ ಸಲ ನೀನೂ ಬಾ. ಆದರೆ ಮೇ, ಜೂನ್ ಎನ್ನಬೇಡ. ಫೆಬ್ರವರಿಗೇ ರಜೆ ಹಾಕು. ವಾಪಸಿನ ಟಿಕೆಟಿಗೆ ಮುಂಚೆ ಕೈಯಲ್ಲಿ ನಾಲ್ಕು ದಿನ ಖಾಲಿ ಇರಲಿ, ಕಚೇರಿಯಲ್ಲಿ ಯಾರಿಗೂ ನಿಖರ ದಿನ ಹೇಳಿ ಬರಬೇಡ. ಆ ತೆಳ್ಳನೆಯ ಫ್ಯಾಷನ್ ಬೂಟು ನಡೆಯುವುದಿಲ್ಲ. ಶುಂಠಿ ನಾನು ತರುತ್ತೇನೆ.

ನಾಳೆ ಹಡಗು ಹೊರಟರೆ ವಕ್ಕನಾಯ್‌ನಿಂದ ಫೋನ್ ಮಾಡುತ್ತೇನೆ. ಹೊರಡದಿದ್ದರೆ ಇಲ್ಲಿಂದಲೇ ಮಾಡುತ್ತೇನೆ. ಮನೆಯ ಹಿಂದಿನ ಮಲ್ಲಿಗೆ ಗಿಡಕ್ಕೆ ನೀರು ಹಾಕಲು ಪಕ್ಕದ ಮನೆಯವರಿಗೆ ಒಮ್ಮೆ ನೆನಪಿಸು.

ಇಂತಿ,
ನಿನ್ನ ಅಮ್ಮ