ಅಘನಾಶಿನಿ ಅಳಿವೆಯ ಅಧ್ಯಯನ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಕುಮಟಾ ಸಮೀಪದ ಅಘನಾಶಿನಿ ಅಳಿವೆಗೆ (ಹೊಳೆ ಕಡಲನ್ನು ಸೇರುವ ಜಾಗ) ಹೊರಡುವ ಸದಸ್ಯರು ಈ ಸೂಚನೆಯನ್ನು ಪೂರ್ತಿಯಾಗಿ ಓದಿಕೊಳ್ಳಬೇಕೆಂದು ಕೋರುತ್ತೇನೆ.

ಹರಿಹರದ ತುಂಗಭದ್ರೆಯಲ್ಲಿ ನೀರಿನ ಉಷ್ಣತೆ ಅಳೆದು ರೂಢಿಯಾದ ನಮಗೆ ಹೊಳೆಯೆಂದರೆ ಒಂದೇ ದಿಕ್ಕಿಗೆ ಹರಿಯುವಂಥದ್ದು. ಅಳಿವೆಯಲ್ಲಾದರೋ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ ಬರುವುದರಿಂದ, ಸಮಯ ನಮೂದಿಸದ ಅಳತೆಯಿಂದ ಏನೂ ಪ್ರಯೋಜನವಿಲ್ಲ. ಉಬ್ಬರದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಆದ್ದರಿಂದ ಮೊದಲ ದಿನದ ವೇಳಾಪಟ್ಟಿಯನ್ನೇ ಮರುದಿನಕ್ಕೂ ಬಳಸಬಾರದು.

ಉಪ್ಪುನೀರು ಸಿಹಿನೀರಿಗಿಂತ ಭಾರವಾದ್ದರಿಂದ ತಳದಲ್ಲೇ ಒಳನುಗ್ಗುತ್ತದೆ. ಹೀಗಾಗಿ ಮೇಲ್ಮೈಯ ಮತ್ತು ತಳದ ಉಷ್ಣತೆಯನ್ನು ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ಥರ್ಮಾಮೀಟರನ್ನು ಗಾಳಿಗೆ ಎತ್ತಿ ಓದಿದರೆ ಅಂಕಿ ಕೆಡುತ್ತದೆ; ಬಕೆಟ್ಟಿನ ನೀರಿನಲ್ಲಿ ಅದು ಮುಳುಗಿರುವಾಗಲೇ, ನೆರಳಿನಲ್ಲಿ, ತಡಮಾಡದೆ ಓದಿರಿ.

ಹೂಳಿನ ವಿಷಯ ಇನ್ನಷ್ಟು ಸ್ವಾರಸ್ಯಕರ. ಹೊಳೆ ಹೊತ್ತು ತಂದ ಜೇಡಿಯ ಸೂಕ್ಷ್ಮ ಕಣಗಳು ಉಪ್ಪುನೀರು ಸೇರಿದೊಡನೆ ಒಂದಕ್ಕೊಂದು ಅಂಟಿಕೊಂಡು ತೂಕ ಹೆಚ್ಚಿಸಿಕೊಂಡು ತಳಕ್ಕಿಳಿಯುತ್ತವೆ. ಅಲೆಗಳ ಹೊಡೆತವಿರುವ ಅಳಿವೆಬಾಯಿಯಲ್ಲಿ ಮರಳು ಉಳಿದರೆ, ಒಳಗಿನ ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರ) ಬೇರುಗಳ ನಡುವೆ ಬೆರಳಿಗೆ ಬೆಣ್ಣೆಯಂತೆ ಹತ್ತುವ ಕೆಸರು ಸಿಗುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಿತು; ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟಿಲ್ಲದ ಕಾರಣ ಘಟ್ಟದ ಮಣ್ಣು ಅಡ್ಡಿಯಿಲ್ಲದೆ ಕಡಲಿನತ್ತ ಬರುತ್ತದೆ. ನಾವು ಈ ಹೊಳೆಯನ್ನೇ ಆರಿಸಿಕೊಂಡದ್ದು ಅದಕ್ಕಾಗಿಯೇ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದೆ. ಬಳಚು (ತಿನ್ನುವ ಚಿಪ್ಪುಜೀವಿ) ಆಯುವವರ ಜಾಗವನ್ನು ತುಳಿದು ಕೆಡಿಸಬೇಡಿ.

ಮಾದರಿ ಬಾಟಲಿಗಳ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ, ಶಾಯಿ ನಿಲ್ಲುವುದಿಲ್ಲ. ಬರುವವರು ತಮ್ಮ ಹೆಸರನ್ನು ಇಲ್ಲಿಯೇ ತಿಳಿಸತಕ್ಕದ್ದು.