ಅಗಸಿ ಕಟ್ಟೆಗೆ ನೆರಳು ಬೇಕು: ದೇಣಿಗೆ ಮನವಿ

ಊರಿನ ಹಿರಿಯರಿಗೆ, ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಹೋಗಿರುವ ನಮ್ಮ ಅಣ್ಣ-ತಮ್ಮ, ಅಕ್ಕ-ತಂಗಿಯರಿಗೆ ಶರಣು ಶರಣಾರ್ಥಿ.

ಊರ ಬಾಗಿಲ ಮುಂದೆ ಹಿರಿಯರು ಕೂತು ಜಗಳ ಬಗೆಹರಿಸುವ ಜಾಗವೇ ನಮ್ಮ ಅಗಸಿ ಕಟ್ಟೆ. ಹೋದ ಬೇಸಿಗೆಯಲ್ಲಿ ಇಬ್ಬರು ಅಣ್ಣ-ತಮ್ಮಂದಿರು ಅಲ್ಲಿಗೆ ಬಂದಿದ್ದರು. ಎರಡು ವರ್ಷದಿಂದ ಮಾತಿಲ್ಲ. ಎರೆ ಹೊಲದ ಬದು ಮಳೆಗೆ ಕೊಚ್ಚಿ ಹೋಗಿ, ಬಿತ್ತುವಾಗ ಒಬ್ಬನ ಕೂರಿಗೆ ಇನ್ನೊಬ್ಬನ ಕಡೆ ಸರಿದಿತ್ತು. ಎರಡು ಸಾಲು ತೊಗರಿ, ಅಷ್ಟೇ. ಅದು ಕೊಡಲಿ ಎತ್ತುವವರೆಗೆ ಬೆಳೆದಿತ್ತು. ಹಿರಿಯರು ಇಬ್ಬರನ್ನೂ ಹೊಲಕ್ಕೇ ಕರೆದೊಯ್ದರು. ಅವರ ಅವ್ವ ಕೋಲೂರಿಕೊಂಡು ಬಂದು, ಜಾಲಿ ಗಿಡದಿಂದ ಹೆಜ್ಜೆ ಎಣಿಸಿ, "ಇಲ್ಲಿ ಅಗೀರಿ" ಅಂದರು. ಮೊಣಕಾಲುದ್ದ ಅಗೆದಾಗ ಗಡಿ ತೋರಿಸುವ ಬಾಂದುಕಲ್ಲು ಸಿಕ್ಕಿತು. ತಮ್ಮನೇ ಅದಕ್ಕೆ ಸುಣ್ಣ ಬಳಿದ.

ನಮ್ಮ ಸುರಪುರ ಸೀಮೆಯಲ್ಲಿ ತಿಂಥಣಿ ಮೌನೇಶ್ವರನ ಜಾತ್ರೆಗೆ ಹಿಂದೂ-ಮುಸ್ಲಿಮರು ಕೂಡಿಯೇ ಹೋಗುತ್ತಾರೆ, ಮೊಹರಂನಲ್ಲಿ ಅಲಾಯಿ ಬೆಂಕಿ ಕುಣಿಯ ಸುತ್ತ ಕೂಡಿಯೇ ಹೆಜ್ಜೆ ಹಾಕುತ್ತಾರೆ. ಅಂಥವರು ಬಂಡಿ ದಾರಿಗೆ ಹೊಡೆದಾಡಿದರೆ ಸಂಕಟ ಆಗುತ್ತೆ ಅಲ್ವಾ?

ಈ ನ್ಯಾಯಗಳೆಲ್ಲ ಬರುವುದು ಬೇಸಿಗೆಯಲ್ಲೇ. ಗುಳೆ ಹೋದವರು ಬಂದಿರುತ್ತಾರೆ, ರೋಹಿಣಿ ಮಳೆಗೆ ಮುಂಚೆ ಬದು ತೀರ್ಮಾನ ಆಗಬೇಕು. ಬಿಸಿಲು 40 ಡಿಗ್ರಿ ದಾಟಿರುತ್ತೆ. ನೆರಳಿಗೆ ಅಂತ ಗುಡಿಗೋ ಯಾರದೋ ಪಡಸಾಲೆಗೋ ಹೋದರೆ ಕೆಲವರು ಮೆಟ್ಟಿಲ ಕೆಳಗೇ ನಿಲ್ಲುತ್ತಾರೆ. ಹಿಂದೆ ಹಾಗೇ ನಡೆಯುತ್ತಿತ್ತು. ದಲಿತರು ನಿಂತೇ ಮಾತಾಡಬೇಕಿತ್ತು, ಹೆಣ್ಣುಮಕ್ಕಳನ್ನು ಯಾರೂ ಕೇಳುತ್ತಲೇ ಇರಲಿಲ್ಲ. ಅದು ನ್ಯಾಯ ಅಲ್ಲ. ಈಗ ಎಲ್ಲರೂ ಒಂದೇ ಜಮಖಾನೆ ಮೇಲೆ ಕೂರುತ್ತೇವೆ. ದಂಡ ಇಲ್ಲ, ಬಹಿಷ್ಕಾರದ ಮಾತೇ ಇಲ್ಲ. ಹೆಣ್ಣುಮಕ್ಕಳ ಮೇಲೆ ಕೈ ಮಾಡಿದ್ದು, ಜಾತಿ ದೌರ್ಜನ್ಯ, ಬಾಲ್ಯವಿವಾಹ, ಇವಕ್ಕೆ ಇಲ್ಲಿ ರಾಜಿ ಮಾಡುವುದಿಲ್ಲ, ನೇರ ಪೊಲೀಸ್ ಠಾಣೆಗೆ ಕಳಿಸುತ್ತೇವೆ.

ರಾಜಿಯ ಕಾಗದ ಗಟ್ಟಿಯಾಗಲಿ ಅನ್ನುವವರನ್ನು ಲೋಕ ಅದಾಲತ್‌ಗೆ ಕರೆದುಕೊಂಡು ಹೋಗುತ್ತೇವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಲ್ಲಿನ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿಗೆ ಸಮ, ಮೇಲ್ಮನವಿ ಇಲ್ಲ. ಕೋರ್ಟಿನಲ್ಲಿದ್ದ ಕೇಸಾದರೆ ಕಟ್ಟಿದ ಶುಲ್ಕವೂ ವಾಪಸ್ ಬರುತ್ತೆ. ಬಸ್ ಖರ್ಚು ನಾವೇ ಹಾಕಿಕೊಳ್ಳುತ್ತಿದ್ದೇವೆ, ಅದು ಜಾಸ್ತಿ ದಿನ ಆಗದು.

ಅಗಸಿ ಮುಂದಿನ ಜಾಗ ಎಲ್ಲರದು. ಅಲ್ಲಿಗೆ ತಗಡಿನ ಚಪ್ಪರ, ಕೂರಲು ಶಹಾಬಾದ ಪರಸಿ, ಕುಡಿಯುವ ನೀರಿನ ಟ್ಯಾಂಕು, ಒಂದು ಉದ್ದನೆಯ ಅಳತೆ ಟೇಪು, ರಾಜಿಪತ್ರ ಇಡಲು ಕಬ್ಬಿಣದ ಪೆಟ್ಟಿಗೆ ಬೇಕು. ರೊಕ್ಕ ಕೊಡಿ, ಒಂದು ತಗಡಾದರೂ ಕೊಡಿ. ಕೊಡಲು ಆಗದವರು ಒಂದು ದಿನ ಕೈ ಜೋಡಿಸಿ. ಪ್ರತಿ ರೂಪಾಯಿಗೂ ರಸೀದಿ ಕೊಡುತ್ತೇವೆ. ಚಪ್ಪರ ಎದ್ದ ದಿನ ಲೆಕ್ಕ ಅಲ್ಲೇ ಓದುತ್ತೇವೆ. ಬರುವ ಯುಗಾದಿಯೊಳಗೆ ಕೆಲಸ ಮುಗಿಯಬೇಕು. ಬಂಡಿ ದಾರಿಯ ಒಂದು ನ್ಯಾಯ ಆಗಲೇ ಕಾದು ಕೂತಿದೆ.

ಕಟ್ಟೆಯ ಟ್ರಸ್ಟ್ ಪರವಾಗಿ,
ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ