ಇವತ್ತು ರಾತ್ರಿ ಸ್ಕ್ವಾಡ್ (ತಂಡವಾಗಿ) ಆಡುವವರಿಗೆ

ಎಲ್ಲರೂ 9 ಗಂಟೆಗೆ ಆನ್‌ಲೈನ್ ಇರಿ. ಕೊನೆಗೆ ಉಳಿದವರು ಗೆಲ್ಲುವ ಬ್ರೌಸರ್ ಆಟ ಸರ್ವೈವ್.ಐಓ 2023ರಲ್ಲಿ ನಿಂತುಹೋದ ಮೇಲೆ ನಾವು ಆಡುತ್ತಿರುವುದು ಅದೇ ತರಹದ ಆಟ, ಹಾಗಾಗಿ ಡೌನ್‌ಲೋಡ್ ಏನೂ ಬೇಡ, ಬ್ರೌಸರ್‌ನಲ್ಲಿ ಲಿಂಕ್ ತೆರೆದರೆ ಸಾಕು. ಬೇರೆ ಟ್ಯಾಬ್‌ಗಳನ್ನು ಮುಚ್ಚಿಬಿಡಿ, ಇಲ್ಲದಿದ್ದರೆ ಲ್ಯಾಗ್ ಜಾಸ್ತಿ.

ಇಳಿದ ತಕ್ಷಣ ಸುಮ್ನೆ ಜಗಳಕ್ಕೆ ಹೋಗಬೇಡಿ. ಮೊದಲು ಪೆಟ್ಟಿಗೆ ಒಡೆದು ಬಂದೂಕು, ಬ್ಯಾಂಡೇಜ್ ಎತ್ತಿಕೊಳ್ಳಿ. ಮೇಲಿನಿಂದ ನೋಡುವ ಆಟ ಅಲ್ವಾ, ದೊಡ್ಡ ಸ್ಕೋಪ್ ಸಿಕ್ಕವರಿಗೆ ತುಂಬಾ ದೂರದವರೆಗೂ ಕಾಣುತ್ತದೆ, ನನ್ನ ಪ್ರಕಾರ ಒಳ್ಳೆ ಬಂದೂಕಿಗಿಂತ ಅದೇ ಮುಖ್ಯ. ಬ್ಯಾರೆಲ್ ಹಿಂದೆ ಅಡಗಬೇಡಿ, ಗುಂಡು ತಗುಲಿದರೆ ಸಿಡಿಯುತ್ತದೆ. ಸುರಕ್ಷಿತ ವಲಯ ಕುಗ್ಗುವ ಮುಂಚೆಯೇ ಅದರೊಳಗೆ ಬನ್ನಿ. ಜೊತೆಯವರು ಬಿದ್ದರೆ ಬಿಟ್ಟು ಓಡಬೇಡಿ, ಹೊಡೆದವನು ಎಲ್ಲಿದ್ದಾನೆ ಅಂತ ನೋಡಿಕೊಂಡು ಹತ್ತಿರ ಹೋಗಿ ಎಬ್ಬಿಸಿ.